ಮೇಜಿನ ಹೊಟ್ಟೆ

ಏಪ್ರಿಲ್ 19

ಪ್ರೀತಿಯ ಗುಬ್ಬಿ,

ಮನೆಯ ಸಮಾಚಾರ ಬರೆದು, ನಿಮ್ಮಣ್ಣನ ಬೆನ್ನುನೋವಿನ ಬಗ್ಗೆ ಬರೆದು, ಮೇಜುಗಳ ವಿಷಯ ಬರೆಯದೇ ಬಿಡುವವಳಿದ್ದೆ. ಹಾಗೆ ಬರೆದ ಕಾಗದವನ್ನು ಹರಿದು ಹಾಕಿ ಈಗ ಇದನ್ನು ಬರೆಯುತ್ತಿದ್ದೇನೆ. ಗ್ರಂಥಾಲಯದ ಮೇಜುಗಳು ಕೆಟ್ಟಿವೆ.

ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನನಗೆ ಮಾತು ಬೇಗ ಬರುತ್ತದೆ, ಬೇಗ ಬಂದ ಮಾತು ಯಾವಾಗಲೂ ನನ್ನ ಪರವಾಗಿಯೇ ಇರುತ್ತದೆ. ನೀನು ತರಬೇತಿ ಶಾಲೆಯ ಕೆಲಸಕ್ಕೆಂದು ಹೊರಟ ದಿನ ವರ್ಕ್‌ಶಾಪಿನ ಬಾಗಿಲಲ್ಲಿ ನಿಂತು ನಾನು ಆಡಿದ್ದೂ ಅಂಥದೇ ಮಾತು. ನೀನು ಬರುವ ಮುಂಚೆಯೂ ಈ ಅಂಗಡಿ ನಡೆಯುತ್ತಿತ್ತು, ನೀನು ಹೋದ ಮೇಲೂ ನಡೆಯುತ್ತದೆ ಎಂದಿದ್ದೆ. ನೀನು ಚೀಲ ಎತ್ತಿಕೊಂಡು ನಕ್ಕೆ. ಆ ನಗು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ.

ಆರು ಮೇಜುಗಳೂ ಪೈನ್ ಮರದ ಹೊಸ ಹಲಗೆಯವು, ಓದುವ ಕೋಣೆಗೆ ಹೋಗಬೇಕಾದವು ಎಂದು ನಿನಗೆ ಗೊತ್ತಲ್ಲ. ನೀನು ಕಲಸಿಟ್ಟು ಹೋದ ಕಂದು ಬಣ್ಣವನ್ನೇ ಹಾಕಿದೆ. ಒಣಗಿದ ಮೇಲೆ ನೋಡಿದರೆ ಗಂಟುಗಳ ಸುತ್ತ ಕಪ್ಪು ಮಚ್ಚೆ, ನಡುನಡುವೆ ಬಿಳಿಚಿಕೊಂಡ ಜಾಗ. ಎರಡು ಮೇಜುಗಳ ಮೇಲೆ ಉದ್ದಕ್ಕೆ ಪಟ್ಟೆ ಬಿದ್ದಿದೆ, ಅದು ಬಟ್ಟೆಯಿಂದ ಒರೆಸುವುದು ತಡವಾಗಿದ್ದರಿಂದ. ಹಲಗೆಗಳ ತುದಿಗಳಂತೂ ಬಣ್ಣ ಕುಡಿದು ಇದ್ದಿಲಾಗಿವೆ. ನಿಮ್ಮಣ್ಣ ಒಳಗೆ ಬಂದವರೇ ಸೊಂಟದ ಮೇಲೆ ಕೈಯಿಟ್ಟು ನಿಂತು, "ಇದೇನೇ, ಮೇಜಿನ ಮೇಲೆ ಮೋಡ ಕವಿದು ಮಳೆ ಬರೋ ಹಾಗಿದೆ" ಎಂದರು. ನಾನೂ ನಕ್ಕೆ. ಅವರು ಹೋದ ಮೇಲೆ ಆರಕ್ಕೂ ಹಳೆಯ ಹೊದಿಕೆ ಮುಚ್ಚಿದೆ.

ಎಲ್ಲವನ್ನೂ ನೀನು ಹೇಳಿದ ಹಾಗೆಯೇ ಮಾಡಿದ್ದೆ. ಬಣ್ಣವನ್ನು ಪೂರ್ತಿ ಕೀಳದೆ ಸರಿಮಾಡುವ ದಾರಿ ಇದ್ದರೆ ಬರೆ. ಗ್ರಂಥಪಾಲಕಿ ಸದ್ಯದಲ್ಲೇ ನೋಡಲು ಬರುತ್ತಾರಂತೆ.

ನಿನ್ನ ಅತ್ತಿಗೆ

*

ಏಪ್ರಿಲ್ 27

ಅತ್ತಿಗೆ,

ಸಾಷ್ಟಾಂಗ ನಮಸ್ಕಾರ. ಕಾಗದದ ಮೊದಲ ಸಾಲು ಓದಿ ಯಾರೋ ಹೋಗಿಬಿಟ್ಟರು ಅಂದುಕೊಂಡೆ. ಕೆಟ್ಟಿರೋದು ಮೇಜು ತಾನೇ? ಮೇಜನ್ನು ಮತ್ತೆ ಸರಿ ಮಾಡಬಹುದು. ಅಣ್ಣನ ಬೆನ್ನನ್ನು ಸರಿ ಮಾಡೋದು ಕಷ್ಟ.

ಮೊದಲು ಒಂದು ಪ್ರಶ್ನೆ. ಬಣ್ಣಕ್ಕೆ ಮುಂಚೆ ತೆಳು ಅರಗು ಕೊಟ್ಟಿದ್ದಿರಾ? ಸ್ಪಿರಿಟ್‌ನಲ್ಲಿ ಅರಗನ್ನು ನೀರುನೀರಾಗಿ ಕರಗಿಸಿ ಒಂದು ಕೈ ಎಳೆದಿದ್ದರೆ ಪೈನ್ ಮರ ಇಷ್ಟೊಂದು ಹಟ ಮಾಡಬಾರದು. ಆ ಮರದ ಸ್ವಭಾವವೇ ಹಾಗೆ, ಒಂದು ಕಡೆ ಗಟಗಟ ಕುಡಿಯುತ್ತದೆ, ಇನ್ನೊಂದು ಕಡೆ ಬಾಯಿಯೇ ತೆರೆಯುವುದಿಲ್ಲ. ಅರಗು ಎಲ್ಲ ಕಡೆಯೂ ಅರ್ಧ ಬಾಯಿ ಮುಚ್ಚಿಸುತ್ತದೆ. ಅರಗು ಕೊಟ್ಟ ಮೇಲೂ ಮಚ್ಚೆ ಬಿದ್ದಿದೆ ಅಂದರೆ ನನಗೆ ಅದು ಹೊಸ ವಿಷಯ.

ಕೊಟ್ಟಿರಲಿ, ಬಿಟ್ಟಿರಲಿ, ಈಗ ಮಾಡಬೇಕಾದ್ದು ಇದು. ಅದರ ಮೇಲೆಯೇ ಇನ್ನೊಂದು ಕೈ ಬಣ್ಣ ಹಾಕಿ ಮುಚ್ಚಲು ಹೋಗಬೇಡಿ. ತಿಳಿ ಇರುವ ಕಡೆ ತಿಳಿಯಾಗೇ ಉಳಿಯುತ್ತದೆ, ಕಪ್ಪು ಇರುವ ಕಡೆ ಇನ್ನೂ ಕಪ್ಪಾಗುತ್ತದೆ. ಥಿನ್ನರ್‌ನಲ್ಲಿ ನೆನೆಸಿದ ಬಟ್ಟೆಯಿಂದ ಒರೆಸಿ, ಬಿಟ್ಟಷ್ಟು ಬಿಡಲಿ. ಉಳಿದದ್ದನ್ನು ಸ್ಯಾಂಡ್‌ಪೇಪರಿನಲ್ಲಿ ಮರದ ಎಳೆಯ ಉದ್ದಕ್ಕೇ ಉಜ್ಜಿ, ಅಡ್ಡ ಉಜ್ಜಿದರೆ ಪ್ರತಿ ಗೀರೂ ಬಣ್ಣ ಹಿಡಿದು ಎದ್ದು ಕಾಣುತ್ತದೆ. ಹಲಗೆಯ ತುದಿಗಳನ್ನು ಇನ್ನೂ ನುಣ್ಣಗೆ ಉಜ್ಜಿ. ಆಮೇಲೆ ಅರಗು. ಒಣಗಿದ ಮೇಲೆ ಒಂದೊಂದೇ ಹಲಗೆಗೆ ಬಣ್ಣ ಹಾಕಿ ಒರೆಸಿ. ಇಡೀ ಮೇಜಿಗೆ ಹಾಕಿ ಆಮೇಲೆ ಒರೆಸಲು ಓಡಬೇಡಿ, ನಿಮ್ಮ ಅವಸರ ನನಗೆ ಗೊತ್ತು.

ಹೊರಡುವ ಮುಂಚೆ ಮೊದಲನೆಯ ಮೇಜನ್ನು ಮಗುಚಿ ಅದರ ಹೊಟ್ಟೆಗೆ ಎರಡು ಪಟ್ಟಿ ಬಣ್ಣ ಹಾಕಿ ನೋಡಿದ್ದೆನಲ್ಲ, ಒಂದು ಅರಗಿನ ಮೇಲೆ, ಇನ್ನೊಂದು ಬರೀ ಮರದ ಮೇಲೆ. ಅದನ್ನು ನೋಡಿಕೊಂಡು ಮಾಡಿ. ಮೊದಲು ಹೊಟ್ಟೆಗೆ ಹಾಕಿ ನೋಡದೆ ಮೇಲೆ ಕೈ ಹಚ್ಚಬೇಡ ಅಂತ ನನಗೆ ಕಲಿಸಿದ್ದು ನೀವೇ. ಆಗ ನಾನು ಬಿ.ಕಾಂ. ಮುಗಿಸಿ ಮನೆಯಲ್ಲಿ ನೊಣ ಹೊಡೆಯುತ್ತಿದ್ದೆ.

ಇಲ್ಲಿ ಮಕ್ಕಳಿಗೆ ಬಣ್ಣ ಕಲಿಸುವ ನನ್ನ ಕೆಲಸ ಸದ್ಯಕ್ಕೆ ತಾತ್ಕಾಲಿಕ. ಕಾಯಂ ಮಾಡುವುದೋ ಬಿಡುವುದೋ ಮಳೆಗಾಲ ಕಳೆದ ಮೇಲೆ ಹೇಳುತ್ತಾರೆ. ಅರ್ಜಿಯಲ್ಲಿ ನನ್ನ ಕೆಲಸ ಎಲ್ಲಿ ನೋಡಬಹುದು ಎಂದು ಕೇಳಿದ್ದರು, ಗ್ರಂಥಾಲಯದ ಮೇಜುಗಳ ಬಣ್ಣ ನನ್ನದು ಎಂದು ಬರೆದು ಕೊಟ್ಟಿದ್ದೇನೆ. ಅಲ್ಲಿಗೆ ನನ್ನ ಮಾನ ನಿಮ್ಮ ಕೈಯಲ್ಲಿದೆ. ಜೋಪಾನ.

ನಿಮ್ಮ ತಲೆನೋವು,
ಗುಬ್ಬಿ

*

ಮೇ 24

ಪ್ರೀತಿಯ ಗುಬ್ಬಿ,

ಉತ್ತರ ತಡವಾಯಿತು. ಮೇಜುಗಳ ಜೊತೆ ಕುಸ್ತಿ ನಡೆದಿದೆ. ನೀನು ಬರೆದ ಹಾಗೆ ಥಿನ್ನರ್ ಹಾಕಿ ಒರೆಸಿದರೆ ಮೊದಲ ಸಲಕ್ಕೇ ಬಟ್ಟೆ ಕಂದಾಯಿತು, ಮೇಜು ಮಾತ್ರ ಇದ್ದ ಹಾಗೇ ಇತ್ತು. ಆಮೇಲೆ ಉಜ್ಜಲು ಕೂತೆ. ಮೊಣಕೈಯವರೆಗೆ ಧೂಳು, ರೆಪ್ಪೆಯ ಮೇಲೂ ಧೂಳು. ಉಜ್ಜುತ್ತಾ ಹೋದಂತೆ ಮಚ್ಚೆಗಳು ಒಂದೊಂದಾಗಿ ತೆಳುವಾಗುತ್ತವೆ, ಆದರೆ ಗಂಟುಗಳ ಪಕ್ಕದವು ಒಳಗೆ ಇಳಿದುಬಿಟ್ಟಿವೆ, ಬೇಗ ಬಿಡುವುದಿಲ್ಲ. ಎರಡು ಮೇಜು ಮುಗಿದಿವೆ. ಈಗ ಬಣ್ಣ ಸಮನಾಗಿ ಕೂತಿದೆ. ಕಿಟಕಿಯ ಬೆಳಕಿಗೆ ಓರೆಯಾಗಿ ನಿಂತು ನೋಡಿದರೂ ಪಟ್ಟೆ ಕಾಣುವುದಿಲ್ಲ.

ಗ್ರಂಥಪಾಲಕಿ ಬಂದಿದ್ದರು. ಹೊದಿಕೆ ಸರಿಸಿ ಕೆಟ್ಟ ಮೇಜುಗಳನ್ನು ನೋಡಿದರು. ಹೇಗೋ ಸಮಾಧಾನ ಹೇಳಿ ಕಳಿಸಿದೆ. ಒಳ್ಳೆಯ ಹೆಂಗಸು, ಮಾತು ಕಡಿಮೆ.

ಅರಗಿನ ವಿಷಯ ಕೇಳಿದ್ದೀಯ. ಆ ವಾರ ಗಾಳಿಯಲ್ಲಿ ತುಂಬ ತೇವವಿತ್ತು.

ನಿಮ್ಮಣ್ಣನಿಗೆ ಬೆನ್ನು ವಾಸಿ. ವ್ಯಾನಿನಲ್ಲಿ ಮೇಜು ಸಾಗಿಸುವಾಗ ಮಾತ್ರ ನೋವು ನೆನಪಾಗುತ್ತದೆ.

ನಿನ್ನ ಅತ್ತಿಗೆ

*

ಜುಲೈ 12

ಅತ್ತಿಗೆ,

ಈ ಸಲ ತಮಾಷೆ ಬರುತ್ತಿಲ್ಲ, ಬೇಸರ ಮಾಡಿಕೊಳ್ಳಬೇಡಿ.

ನಮ್ಮ ಶಾಲೆಯ ಮುಖ್ಯಸ್ಥರು ಗ್ರಂಥಾಲಯಕ್ಕೆ ಫೋನ್ ಮಾಡಿ ವಿಚಾರಿಸಿದ್ದಾರೆ. ಮೇಜುಗಳು ಮೊದಲು ಕೆಟ್ಟಿದ್ದವು, ಕೆಟ್ಟದ್ದು ನಾನು ಕಲಸಿಟ್ಟ ಬಣ್ಣದಿಂದ, ಆಮೇಲೆ ಅಂಗಡಿಯವರು ಪಾಪ ಕಷ್ಟಪಟ್ಟು ಸರಿಮಾಡಿದರು, ಹೀಗೆ ಅಲ್ಲಿಂದ ಉತ್ತರ ಬಂತಂತೆ. ಮುಖ್ಯಸ್ಥರು ನನ್ನನ್ನು ಕರೆದು ನಯವಾಗಿಯೇ ಹೇಳಿದರು. ಬಣ್ಣ ಕಲಸುವುದನ್ನು ಕಲಿಸುವವಳ ಬಣ್ಣವೇ ಹೀಗಾದರೆ ಹೇಗೆ ಎಂದು ಕೇಳಿದರು.

ಅಣ್ಣನೂ ಫೋನ್ ಮಾಡಿದ್ದ. "ಏನೇ, ಬಣ್ಣ ಕಲಸಿಟ್ಟು ಹೋದ್ಯೋ, ಪಾತ್ರೆ ತೊಳೆದ ನೀರು ಇಟ್ಟು ಹೋದ್ಯೋ? ನಿಮ್ಮತ್ತಿಗೆ ಉಜ್ಜಿ ಉಜ್ಜಿ ಸವೆದುಹೋದ್ಲು" ಎಂದ. ಅವನಿಗೆ ತಮಾಷೆ. ನಾನೂ ನಕ್ಕೆ. ಫೋನ್ ಇಟ್ಟ ಮೇಲೆ ಯೋಚನೆ ಹತ್ತಿತು. ಆ ದಿನ ಹೊರಡುವ ಗಡಿಬಿಡಿಯಲ್ಲಿ ಡಬ್ಬಿಯ ತಳದ ಪುಡಿಯನ್ನು ಸರಿಯಾಗಿ ಕಲಕಿದೆನೋ ಇಲ್ಲವೋ? ಕಲಕಿದೆ ಅಂತ ಕೈ ಹೇಳುತ್ತದೆ, ತಲೆ ನಂಬುವುದಿಲ್ಲ. ಮೊನ್ನೆ ತರಗತಿಯಲ್ಲಿ ಬ್ರಷ್ ಅದ್ದಿ ಹಿಡಿದು ಸುಮ್ಮನೆ ನಿಂತುಬಿಟ್ಟೆ. ಬಣ್ಣ ತೊಟ್ಟಿಕ್ಕಿ ನನ್ನ ಚಪ್ಪಲಿಯ ಮೇಲೆ ಬಿತ್ತು. ಮಕ್ಕಳು ಗುಸುಗುಸು ಮಾಡಿದರು.

ಒಂದು ಉಪಕಾರ ಮಾಡಿ. ಮೊದಲನೆಯ ಮೇಜಿನ ಹೊಟ್ಟೆಯ ಪಟ್ಟಿಗಳನ್ನು ನೋಡಿ ಹೇಳಿ. ಅದೇ ಡಬ್ಬಿಯ ಬಣ್ಣ ಅದು. ಅರಗಿನ ಮೇಲಿನ ಪಟ್ಟಿಯಲ್ಲೂ ಮಚ್ಚೆ ಬಿದ್ದಿದ್ದರೆ ತಪ್ಪು ನನ್ನದೇ, ಒಪ್ಪಿಕೊಂಡು ಬೇರೆ ಕೆಲಸ ಹುಡುಕುತ್ತೇನೆ. ಅದು ಸಮನಾಗಿದ್ದರೆ ನನಗೆ ಅಷ್ಟು ಗೊತ್ತಾದರೆ ಸಾಕು. ಯಾರಿಗೂ ಏನೂ ಹೇಳಬೇಕಾಗಿಲ್ಲ. ನನ್ನ ಕೈಯನ್ನು ನಾನು ನಂಬಬಹುದಾ ಅನ್ನುವುದಷ್ಟೇ ನನಗೆ ಬೇಕಾದ್ದು.

ಗುಬ್ಬಿ

*

ಆಗಸ್ಟ್ 2

ಪ್ರೀತಿಯ ಗುಬ್ಬಿ,

ನಿನ್ನ ಕಾಗದ ಬಂದು ತಲುಪಿದೆ. ಶಾಲೆಯವರು ಹಾಗೆಂದದ್ದು ಓದಿ ಸಂಕಟವಾಯಿತು. ನೀನು ಇಷ್ಟೊಂದು ತಲೆ ಕೆಡಿಸಿಕೊಳ್ಳಬೇಡ. ಬಣ್ಣ ಎಂದ ಮೇಲೆ ಹೆಚ್ಚುಕಡಿಮೆ ಆಗುವುದೇ, ಮರದಲ್ಲೂ ದೋಷವಿರಬಹುದು.

ಆರೂ ಮೇಜುಗಳು ಓದುವ ಕೋಣೆಗೆ ಹೋಗಿಬಿಟ್ಟಿವೆ. ಮೊದಲನೆಯದು ಕಿಟಕಿಯ ಕೆಳಗಿದೆ, ಅದರ ಮೇಲೆ ಸದಾ ಯಾರಾದರೂ ಪೇಪರ್ ಹರಡಿಕೊಂಡು ಕೂತಿರುತ್ತಾರೆ. ಮಗುಚಿ ನೋಡೋಣವೆಂದರೆ ಮೇಜು ಬಹಳ ಭಾರ. ಸಮಯ ಸಿಕ್ಕಾಗ ನೋಡುತ್ತೇನೆ.

ಆರೋಗ್ಯ ನೋಡಿಕೋ.

ಅತ್ತಿಗೆ

*

ಆಗಸ್ಟ್ 30

ಅತ್ತಿಗೆ,

ಮೇಜು ಭಾರ ಎಂದು ಬರೆದಿದ್ದೀರಿ. ಅದನ್ನು ನಾವಿಬ್ಬರೇ ಮಗುಚಿದ್ದೆವು. ನೀವು ಕಾಲಿನ ಕಡೆ ಹಿಡಿದಿದ್ದಿರಿ. ಒಂದು ಕೈಯಲ್ಲಿ ಮೇಜು, ಇನ್ನೊಂದು ಕೈಯಲ್ಲಿ ಮೂಗು ಒರೆಸಿಕೊಳ್ಳುತ್ತಿದ್ದಿರಿ.

ಇರಲಿ. ಇನ್ನು ನೋಡುವುದು ಬೇಡ.

ಈ ತಿಂಗಳು ಮುಗಿಯಿತು. ಮುಂದಿನ ತಿಂಗಳ ಕೊನೆಗೆ ಕಾಯಂ ಕೆಲಸಕ್ಕೆ ಹೆಸರು ಹೇಳುತ್ತಾರೆ. ಅದಕ್ಕೂ ಮುಂಚೆ ನನ್ನ ಅರ್ಜಿ ನಾನೇ ವಾಪಸ್ ತೆಗೆದುಕೊಳ್ಳುತ್ತೇನೆ. ಅವರು ಬೇಡ ಎನ್ನುವ ತನಕ ಕಾಯುವುದು ನನ್ನಿಂದಾಗದು. ಇಲ್ಲೇ ಉಗ್ರಾಣ ನೋಡಿಕೊಳ್ಳುವ ಕೆಲಸ ಖಾಲಿ ಇದೆ, ಬಿ.ಕಾಂ. ಓದಿದ್ದಕ್ಕೆ ಅಂತೂ ಉಪಯೋಗವಾಯಿತು. ತರಗತಿಯಲ್ಲಿ ಈಗ ಅಂಗಡಿಯಲ್ಲಿ ಸಿಗುವ ಸಿದ್ಧ ಬಣ್ಣವನ್ನೇ ಹಾಕಿಸುತ್ತಿದ್ದೇನೆ. ಕಲಸುವುದಕ್ಕೆ ಹೋಗುವುದಿಲ್ಲ.

ಬೆನ್ನಿಗೆ ಶಾಖ ಕೊಟ್ಟುಕೊಳ್ಳಲು ಅಣ್ಣನಿಗೆ ಹೇಳಿ.

ಗುಬ್ಬಿ

*

ಸೆಪ್ಟೆಂಬರ್ 13, ಭಾನುವಾರ

ಗುಬ್ಬಿ,

ನಿನ್ನ ಪಟ್ಟಿ ಸರಿಯಾಗಿತ್ತು.

ಇದನ್ನು ಏಪ್ರಿಲ್ ತಿಂಗಳಲ್ಲೇ ಬರೆಯಬಹುದಿತ್ತು. ಅರಗಿನ ಮೇಲಿನ ಪಟ್ಟಿ ಈ ಕೊನೆಯಿಂದ ಆ ಕೊನೆಯವರೆಗೆ ಒಂದೇ ಬಣ್ಣ, ಒಂದು ಗಂಟಿನ ಮೇಲೆ ಹಾದುಹೋಗಿದ್ದರೂ ಮಚ್ಚೆ ಇರಲಿಲ್ಲ. ಪಕ್ಕದ ಬರೀ ಮರದ ಪಟ್ಟಿಯಲ್ಲಿ ಮೋಡ ಕವಿದಿತ್ತು. ಡಬ್ಬಿಯ ತಳವನ್ನು ನೀನು ಕಲಕಿದ್ದೆ. ನಿನ್ನ ಕೈ ನಿನಗೆ ನಿಜವನ್ನೇ ಹೇಳಿತ್ತು.

ಅರಗು ಕೊಡದೇ ಬಿಟ್ಟವಳು ನಾನು. ಮರೆತು ಬಿಟ್ಟಿದ್ದಲ್ಲ. ನಿನ್ನ ಎರಡೂ ಪಟ್ಟಿಗಳನ್ನು ನೋಡಿಯೇ ಬಿಟ್ಟೆ. ಅರಗಿನ ಮೇಲೆ ಬಣ್ಣ ಸ್ವಲ್ಪ ಮಂಕಾಗಿ ಕಂಡಿತು, ಬರೀ ಮರದ ಮೇಲೆ ಗಾಢವಾಗಿತ್ತು. ಆ ಗಾಢ ನನಗೆ ಹಿಡಿಸಿತು. ಮೋಡ ಕವಿದದ್ದು ಕಾಣಿಸಲಿಲ್ಲವೆಂದಲ್ಲ, ಅಷ್ಟೇ ತಾನೇ ಎಂದುಕೊಂಡೆ. ಅಂಗಡಿಗೆ ಬಂದವರೆಲ್ಲ "ನಿಮ್ಮ ನಾದಿನಿ ಇಲ್ವಾ?" ಎಂದು ಕೇಳಿಯೇ ಒಳಗೆ ಬರುತ್ತಿದ್ದರು. ನಿನಗೆ ಬ್ರಷ್ ಹಿಡಿಯುವುದನ್ನು ಕಲಿಸಿದವಳು ನಾನು. ಈ ಮೇಜುಗಳನ್ನು ನೋಡಿದವರು ನಿನ್ನನ್ನು ಕೇಳದಿರಲಿ, ಅಷ್ಟೇ ನನಗೆ ಬೇಕಾಗಿತ್ತು. ಎಲ್ಲ ನೀನು ಹೇಳಿದ ಹಾಗೆಯೇ ಮಾಡಿದೆ ಎಂದು ನಿನಗೆ ಬರೆದದ್ದು ಸುಳ್ಳು. ಗಾಳಿಯಲ್ಲಿ ತೇವವಿತ್ತು ಎಂದದ್ದು ನಿಜ, ಆದರೆ ಅದು ನಿನ್ನ ಪ್ರಶ್ನೆಗೆ ಉತ್ತರವಾಗಿರಲಿಲ್ಲ.

ಗ್ರಂಥಪಾಲಕಿ ಬಂದ ದಿನ ಹೊದಿಕೆ ಸರಿಸಿ ಬಹಳ ಹೊತ್ತು ನೋಡಿದರು. ಯಾಕೆ ಹೀಗಾಯಿತು ಎಂದು ಕೇಳಿದರು. "ಬಣ್ಣ ನನ್ನ ನಾದಿನಿ ಕಲಸಿಟ್ಟು ಹೋಗಿದ್ದು" ಎಂದೆ. ಅಷ್ಟೇ ಹೇಳಿದ್ದು. ಆ ಮಾತಿನಲ್ಲಿ ಒಂದಕ್ಷರವೂ ಸುಳ್ಳಿಲ್ಲ ಎಂದು ಅದೇ ಸಂಜೆ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅದನ್ನು ನೆನೆದರೆ ಈಗ ಎಲ್ಲಕ್ಕಿಂತ ಹೆಚ್ಚು ಹೇಸಿಗೆಯಾಗುತ್ತದೆ. ಸುಳ್ಳನ್ನಾದರೂ ಹೇಳಿದ್ದರೆ ಸುಳ್ಳು ಹೇಳಿದವಳು ಎಂದು ಗೊತ್ತಿರುತ್ತಿತ್ತು. ಅವರು ಓ ಎಂದು ತಲೆಯಾಡಿಸಿ, ನೀವೊಬ್ಬರೇ ಇಷ್ಟನ್ನೂ ಸರಿಮಾಡಬೇಕಲ್ಲ ಎಂದು ಕನಿಕರ ತೋರಿಸಿದರು. ಆ ಕನಿಕರ ಹಿತವಾಗಿತ್ತು. ಅವರಿಗೆ ಕುಡಿಯಲು ನೀರು ತಂದುಕೊಟ್ಟೆ.

ಇನ್ನೊಂದಿದೆ. ಇದನ್ನು ಬರೆಯದೆಯೂ ಈ ಕಾಗದ ಮುಗಿಸಬಹುದು, ನಿನಗೆ ಎಂದೂ ಗೊತ್ತಾಗುತ್ತಿರಲಿಲ್ಲ.

ಅವರು ಹೋದ ಮೇಲೆ, ಮೊದಲನೆಯ ಮೇಜು ಉಜ್ಜುವಾಗ, ನಿಮ್ಮಣ್ಣನನ್ನು ಕರೆದು ಅದನ್ನು ಮಗುಚಿಸಿದೆ. ನಿನ್ನ ಎರಡು ಪಟ್ಟಿಗಳನ್ನೂ ಉಜ್ಜಿ ತೆಗೆದೆ. ಯಾರಾದರೂ ಮೇಜು ತಿರುಗಿಸಿ ನೋಡಿದರೆ ಎಂಬ ಭಯ. ಓದುವ ಕೋಣೆಯ ಮೇಜನ್ನು ಯಾರು ತಿರುಗಿಸಿ ನೋಡುತ್ತಾರೆ? ಕಳ್ಳನ ಲೆಕ್ಕಾಚಾರವೇ ಹಾಗಿರುತ್ತದೇನೋ. ನಿಮ್ಮಣ್ಣ ಬೆನ್ನು ಹಿಡಿದುಕೊಂಡು ನಿಂತು, "ಕೆಳಗಡೆ ಯಾರು ನೋಡ್ತಾರೆ ಮಾರಾಯ್ತಿ?" ಎಂದರು. "ನಾನು ನೋಡ್ತೀನಿ" ಎಂದೆ. ಅಂದಿನಿಂದ ಅವರು ಸಿಕ್ಕಸಿಕ್ಕವರಿಗೆಲ್ಲ, ನನ್ನ ಹೆಂಡತಿ ಮೇಜಿನ ಹೊಟ್ಟೆಯನ್ನೂ ನುಣ್ಣಗೆ ಮಾಡುವವಳು ಎಂದು ಹೇಳಿಕೊಂಡು ತಿರುಗುತ್ತಿದ್ದಾರೆ. ನಾನು ಪಕ್ಕದಲ್ಲಿ ನಿಂತು ಕೇಳಿದ್ದೇನೆ.

ಹಾಗಾಗಿ ನೀನು ಜುಲೈನಲ್ಲಿ ಪಟ್ಟಿ ನೋಡಿ ಹೇಳಿ ಎಂದು ಬರೆದಾಗ ಅಲ್ಲಿ ನೋಡಲು ಏನೂ ಇರಲಿಲ್ಲ. ನಿನ್ನ ಕಾಗದವನ್ನು ಸ್ಯಾಂಡ್‌ಪೇಪರುಗಳ ಡ್ರಾಯರಿನಲ್ಲಿ, ಎಲ್ಲದರ ಕೆಳಗೆ ಇಟ್ಟೆ. ದಿನವೂ ಆ ಡ್ರಾಯರ್ ತೆಗೆಯಬೇಕು, ದಿನವೂ ಮೇಲಿನದನ್ನಷ್ಟೇ ತೆಗೆದುಕೊಂಡು ಮುಚ್ಚುತ್ತಿದ್ದೆ. ಮೇಜು ಭಾರ ಎಂದು ಬರೆಯುವಾಗ, ನೀನು ಇದನ್ನು ನಂಬುವುದಿಲ್ಲ ಎಂದು ಗೊತ್ತಿತ್ತು. ನಂಬಿದ ಹಾಗೆ ಸುಮ್ಮನಿರುತ್ತೀಯ ಎಂಬ ಧೈರ್ಯದ ಮೇಲೆ ಬರೆದೆ. ನಾನು ಅತ್ತಿಗೆ, ನೀನು ಎದುರಾಡುವುದಿಲ್ಲ. ಅದನ್ನೂ ಬಳಸಿಕೊಂಡೆ.

ಇನ್ನು ಮುಂದೆ ಬಣ್ಣ ಕಲಸುವುದಿಲ್ಲ ಎಂದು ನೀನು ಬರೆದ ಸಾಲು ಓದಿದ ಮೇಲೆ ನನಗೆ ಕೆಲಸ ಮಾಡಲಾಗಲಿಲ್ಲ. ಒಂದು ಕುರ್ಚಿಯ ಕೈಯನ್ನು ಉಜ್ಜುತ್ತಾ ಉಜ್ಜುತ್ತಾ ಅದರ ಅಂಚೇ ಸವೆಯಿಸಿಬಿಟ್ಟೆ.

ನಿನ್ನೆ ಗ್ರಂಥಾಲಯಕ್ಕೆ ಹೋದೆ. ಬಾಗಿಲು ಹಾಕುವ ಹೊತ್ತು, ಕಿಟಕಿಯ ಕೆಳಗಿನ ಮೇಜಿನಲ್ಲಿ ಯಾರೂ ಇರಲಿಲ್ಲ. ಇದನ್ನು ಮಗುಚಲು ಒಂದು ಕೈ ಕೊಡುತ್ತೀರಾ ಎಂದು ಗ್ರಂಥಪಾಲಕಿಯನ್ನು ಕೇಳಿದೆ. ಅವರು ನನ್ನ ಮುಖ ನೋಡಿದರು, ಕನ್ನಡಕ ತೆಗೆದಿಟ್ಟು ಬಂದು ಹಿಡಿದರು. ಭಾರವೇನಿರಲಿಲ್ಲ. ಮಿಕ್ಕ ಹಲಗೆ ಧೂಳು ಹಿಡಿದು ಹಳದಿಯಾಗಿತ್ತು, ನಾನು ಉಜ್ಜಿದ ಜಾಗ ಮಾತ್ರ ಬೋಳುಬೋಳಾಗಿ ಬೆಳ್ಳಗೆ ಕಂಡಿತು. ಅಲ್ಲಿ ಏನಿತ್ತು ಎಂದು ಹೇಳಿದೆ. ಬಣ್ಣ ಚೆನ್ನಾಗಿತ್ತು, ಕೆಡಿಸಿದ್ದು ನಾನು ಎಂದು ಹೇಳಿದೆ.

"ಇದನ್ನ ಉಜ್ಜಿದ್ದು ಯಾವಾಗ?" ಎಂದರು.

"ನಿಮಗೆ ಆ ಮಾತು ಹೇಳಿದ ಮೇಲೆ."

"ಅಂದ್ರೆ ಗೊತ್ತಿತ್ತು."

"ಗೊತ್ತಿತ್ತು."

ಅವರು ಆ ಬೋಳು ಜಾಗದ ಮೇಲೆ ಕೈಯಾಡಿಸಿದರು. ಬೈದಿದ್ದರೆ ಹಗುರವಾಗುತ್ತಿತ್ತು. ಆ ಹುಡುಗಿಯ ಬಗ್ಗೆ ನನ್ನ ಬಾಯಲ್ಲಿ ಅಂಥ ಮಾತು ಹೇಳಿಸಿದಿರಲ್ಲ ಎಂದಷ್ಟೇ ಹೇಳಿ, ಶಾಲೆಯ ನಂಬರ್ ಒತ್ತಿ ಫೋನನ್ನು ನನ್ನ ಕೈಗೆ ಕೊಟ್ಟರು. ತಾವು ಮಾತಾಡಲಿಲ್ಲ. ಅಲ್ಲಿಂದ ಎದ್ದೂ ಹೋಗಲಿಲ್ಲ.

ನಿಮ್ಮ ಮುಖ್ಯಸ್ಥರಿಗೆ ಮೊದಲಿನಿಂದ ಕೊನೆಯವರೆಗೆ ಹೇಳಿದೆ. ಶಾಲೆಯಲ್ಲಿ ಕಲಿತ ಇಂಗ್ಲಿಷಿನಲ್ಲೇ ಶುರು ಮಾಡಿದ್ದೆ, ಆ ಭಾಷೆಯಲ್ಲಿ ನನಗೆ ಕ್ಷಮೆ ಕೇಳುವುದು ಅಭ್ಯಾಸವಾಗಿಬಿಟ್ಟಿದೆ, ನೋವಾಗುವುದಿಲ್ಲ. ಅರ್ಧದಲ್ಲಿ ನಿಲ್ಲಿಸಿ ಮನೆಯಲ್ಲಿ ಮಾತಾಡುವ ಹಾಗೆ ಹೇಳಿದೆ. ಅವರು ಪೂರ್ತಿ ಕೇಳಿ, ನೀವು ಅವರಿಗೆ ಏನಾಗಬೇಕು ಎಂದರು. ಅತ್ತಿಗೆ ಎಂದೆ.

ಕೆಲಸ ಕೊಡುತ್ತೇವೆ ಎಂದು ಅವರು ಹೇಳಲಿಲ್ಲ. ಒಂದು ಪೈನ್ ಹಲಗೆ ಕೊಟ್ಟು, ಅವರೆದುರಿಗೇ ನಿನ್ನ ಕೈಯಲ್ಲಿ ಬಣ್ಣ ಕಲಸಿ ಹಾಕಿಸಿ ನೋಡುತ್ತಾರಂತೆ. ಅಲ್ಲಿಯವರೆಗೆ ನೀನು ಅರ್ಜಿ ವಾಪಸ್ ಕೇಳಿದರೂ ಕೊಡುವುದಿಲ್ಲವಂತೆ. ನೀನೂ ಕೇಳಬೇಡ ಎಂದು ಬೇಡಿಕೊಳ್ಳುತ್ತಿದ್ದೇನೆ. ಸಿದ್ಧ ಬಣ್ಣದ ಡಬ್ಬಿಯನ್ನು ಮುಟ್ಟಬೇಡ. ನಿನ್ನದನ್ನೇ ಕಲಸು. ಮೊದಲು ಅರಗು ಕೊಡು. ನಿನಗೆ ಇದನ್ನು ಹೇಳಬೇಕಾಗಿಲ್ಲ, ನನಗೆ ಹೇಳದೆ ಇರಲಾಗುತ್ತಿಲ್ಲ.

ಮೇಜಿನ ಹೊಟ್ಟೆಯ ಆ ಬೋಳು ಜಾಗಕ್ಕೆ ನಾನು ಏನೂ ಹಚ್ಚಿಲ್ಲ. ಹಾಗೇ ಇರಲಿ ಎಂದು ಗ್ರಂಥಪಾಲಕಿಯೂ ಅಂದರು. ಎಂದಾದರೂ ನಿನಗೆ ಈ ಕಡೆ ಬರಬೇಕು ಅನ್ನಿಸಿದರೆ, ಅದು ನಿನ್ನ ಜಾಗ. ಬರಲೇಬೇಕೆಂದು ಕೇಳುತ್ತಿಲ್ಲ. ಅಂಗಡಿಯ ಬಾಗಿಲಲ್ಲಿ ನಿಂತು ಅವತ್ತು ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವ ಯೋಗ್ಯತೆಯೂ ಈಗ ನನಗಿಲ್ಲ.

ನಿಮ್ಮಣ್ಣನಿಗೆ ಇನ್ನೂ ಹೇಳಿಲ್ಲ. ಈಗ ಹೊರಗೆ ಕೂತು ವ್ಯಾನಿನ ಚಕ್ರ ತೊಳೆಯುತ್ತಿದ್ದಾರೆ, ಶಿಳ್ಳೆ ಕೇಳಿಸುತ್ತಿದೆ. ಪಾತ್ರೆ ತೊಳೆದ ನೀರಿನ ತಮಾಷೆಯನ್ನು ಮೊನ್ನೆಯೂ ಯಾರಿಗೋ ಹೇಳಿ ನಕ್ಕರು. ತಂಗಿಯ ಬಗ್ಗೆ ಅವರು ನಕ್ಕ ಒಂದೊಂದು ಸಲಕ್ಕೂ ನಾನು ಉತ್ತರ ಕೊಡಬೇಕು. ನಿನ್ನ ಬಾಯಿಂದ ಅವರಿಗೆ ಗೊತ್ತಾಗುವುದು ಬೇಡ, ಅದು ಇನ್ನೊಂದು ಸಲ ನಿನ್ನ ಹಿಂದೆ ಬಚ್ಚಿಟ್ಟುಕೊಂಡ ಹಾಗೆ. ಅವರು ಕೈ ಒರೆಸಿಕೊಂಡು ಒಳಗೆ ಬಂದ ಕೂಡಲೇ ಹೇಳುತ್ತೇನೆ. ಹೇಳದೆ ಈ ಲಕೋಟೆಗೆ ಅಂಟು ಹಚ್ಚುವುದಿಲ್ಲ.

ನಿನ್ನ ಅತ್ತಿಗೆ

ಅಂಚೆಗೆ ಹಾಕುವುದು: ನಾಳೆ, ಸೋಮವಾರ, ಸೆಪ್ಟೆಂಬರ್ 14.